ಪ್ರಾಥಮಿಕ ಶೀತಕ ಮಂಡಲದ ಒತ್ತಡ ನಿಯಂತ್ರಣ

ಪರಮಾಣು ರಿಯಾಕ್ಟರಿನ ಇಂಧನದಿಂದ ಶಾಖ ಒಯ್ಯುವ ನೀರು ಕುದಿಯದಂತೆ ಅದರ ಒತ್ತಡವನ್ನು ನಿಗದಿತ ಮಟ್ಟದಲ್ಲಿ ಹಿಡಿದಿಡುವ ವ್ಯವಸ್ಥೆ. ಉತ್ತರ ಕನ್ನಡದ ಕೈಗಾದಲ್ಲಿರುವ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಲ್ಲಿ ಶಾಖ ಒಯ್ಯುವ ಕೆಲಸಕ್ಕೆ ಭಾರಜಲ (ಭಾರ ಹೈಡ್ರೋಜನ್ ಇರುವ ನೀರು) ಬಳಕೆಯಾಗುತ್ತದೆ. ರಿಯಾಕ್ಟರಿನಿಂದ ಹೊರಬರುವಾಗ ಅದರ ಉಷ್ಣತೆ ಸುಮಾರು 293 ಡಿಗ್ರಿ ಸೆಲ್ಸಿಯಸ್. ವಾತಾವರಣದ ಒತ್ತಡದಲ್ಲಿ ಭಾರಜಲ 101.4 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ಅದು ಹರಿಯುವ ಮಂಡಲದ ಒತ್ತಡ ಚದರ ಸೆಂ.ಮೀ.ಗೆ ಸುಮಾರು 87 ಕಿ.ಗ್ರಾಂ ಇರಬೇಕು.

ದ್ರವ ಕುಗ್ಗುವುದು ಅತ್ಯಲ್ಪ. ಹೀಗಾಗಿ ತುಂಬಿದ ಮಂಡಲದಲ್ಲಿ ಉಷ್ಣತೆ ತುಸು ಏರಿದರೂ ಒತ್ತಡ ಜಿಗಿಯುತ್ತದೆ. ಕೈಗಾದಲ್ಲಿ ಇದಕ್ಕೆ 'ಫೀಡ್ ಅಂಡ್ ಬ್ಲೀಡ್' ವಿಧಾನ: ಒತ್ತಡ ಇಳಿದರೆ ಪಂಪುಗಳು ಟ್ಯಾಂಕಿನಿಂದ ಭಾರಜಲ ಒಳಗೆ ತಳ್ಳುತ್ತವೆ, ಏರಿದರೆ ಕವಾಟ ತೆರೆದು ಹೆಚ್ಚುವರಿ ನೀರು ಬ್ಲೀಡ್ ಕಂಡೆನ್ಸರಿಗೆ ಹೋಗಿ, ತಣಿದು, ಶುದ್ಧಗೊಂಡು ಮರಳುತ್ತದೆ. ಭಾರಜಲ ದುಬಾರಿ, ವಿಕಿರಣಶೀಲ ಟ್ರಿಟಿಯಂ ಬೆರೆತದ್ದೂ ಹೌದು. ಹಾಗಾಗಿ ಹೊರಚೆಲ್ಲುವ ಮಾತೇ ಇಲ್ಲ. ನಿಯಂತ್ರಣ ಸಾಲದೆ ಒತ್ತಡ ಮಿತಿ ಮೀರಿದರೆ ರಿಯಾಕ್ಟರು ತಾನಾಗಿ ನಿಲ್ಲುತ್ತದೆ.

ಮಹಾರಾಷ್ಟ್ರದ ತಾರಾಪುರದ 3 ಮತ್ತು 4ನೇ ಘಟಕಗಳು 540 ಮೆಗಾವ್ಯಾಟ್‌ನವು. ಅಲ್ಲಿ ಪ್ರೆಶರೈಸರ್ ಎಂಬ ಪಾತ್ರೆಯುಂಟು: ಕೆಳಗೆ ದ್ರವ, ಮೇಲೆ ಹಬೆ. ಹಬೆ ಕುಗ್ಗಬಲ್ಲದು, ಆದ್ದರಿಂದ ಏರಿಳಿತದ ಪೆಟ್ಟನ್ನು ಅದೇ ನುಂಗುತ್ತದೆ. ವಿದ್ಯುತ್ ಹೀಟರು ಉರಿದರೆ ಒತ್ತಡ ಏರುತ್ತದೆ, ಹಬೆ ಬಿಟ್ಟರೆ ಇಳಿಯುತ್ತದೆ. ದೊಡ್ಡ ಮಂಡಲಗಳಿಗೆ ಇದೇ ಹೆಚ್ಚು ಒಗ್ಗುವ ಕ್ರಮ. 700 ಮೆಗಾವ್ಯಾಟ್ ವಿನ್ಯಾಸದಲ್ಲೂ ಇದನ್ನೇ ಉಳಿಸಿಕೊಂಡಿದ್ದಾರೆ.