ನಾಲ್ಕು ಸರ್ಕಾರಗಳ ಹೊಳೆ

ನಮ್ಮ ಹಲಗೇರಿಯ ಹಿರಿಯರಿಗೆ ತುಂಗಭದ್ರೆ ಅಂದರೆ ಸೀಮೆಯ ಗಡಿ. "ಹೊಳಿ ಆಚಿ ಮೈಸೂರು ಸರ್ಕಾರ, ಈಚಿ ಮುಂಬೈ ಸರ್ಕಾರ" ಎಂದು ನಮ್ಮಜ್ಜಿ ಹೇಳುತ್ತಿದ್ದಳು. ರಾಜ್ಯ ಒಂದಾಗಿ ವರ್ಷಗಳು ಕಳೆದ ಮೇಲೂ ಅವಳ ಮಾತು ಬದಲಾಗಲಿಲ್ಲ. ರಾಣೇಬೆನ್ನೂರು ತಾಲೂಕು ಆಗ ಧಾರವಾಡ ಜಿಲ್ಲೆಗೆ, ಧಾರವಾಡ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತ್ತು. ಹರಿಹರದ ಸೇತುವೆ ದಾಟಿದರೆ ಮೈಸೂರು ಮಹಾರಾಜರ ಸೀಮೆ. ಹೊಳೆಯ ಗುಂಟ ಕೆಳಗೆ ನಡೆದರೆ ಎದುರು ದಂಡೆಯಲ್ಲಿ ಹರಪನಹಳ್ಳಿ, ಹಡಗಲಿ. ಅವು ಬಳ್ಳಾರಿ ಜಿಲ್ಲೆಯವು, ಅಂದರೆ ಮದರಾಸು ಸರ್ಕಾರದವು. ಇನ್ನೂ ಕೆಳಗೆ ಹೋದರೆ ನಮ್ಮ ದಂಡೆಯೇ ಬೇರೆಯವರ ಪಾಲು. ಕೊಪ್ಪಳದ ಕಡೆಯದು ಹೈದರಾಬಾದ್ ನಿಜಾಮರದು. ದಂಡೆಯ ಮೇಲಿನ ಒಕ್ಕಲಿಗರು ಬಹುಪಾಲು ಆಡುವುದು ಕನ್ನಡವೇ, ಬಿತ್ತುವುದು ಜೋಳವೇ. ಆದರೆ ಹೊಳೆಗೆ ಒಂದು ಕಲ್ಲು ಅಡ್ಡ ಇಡಬೇಕೆಂದರೆ ನಾಲ್ಕು ಸರ್ಕಾರಗಳ ಮಾತು ಬರುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು. ಏಕೀಕರಣದ ಪಾಠ ಮಾಡುವಾಗಲೆಲ್ಲ ಈ ಹೊಳೆಯ ಕತೆಯನ್ನು ಸೇರಿಸಿ ಹೇಳುತ್ತಿದ್ದೆ, ಪುಸ್ತಕದಲ್ಲಿ ಇಲ್ಲದಿದ್ದರೂ. ಬೇರೆ ಬೇರೆ ಸರ್ಕಾರಗಳು ಕೂಡಿ ಒಂದು ತೀರ್ಮಾನಕ್ಕೆ ಬರುವುದು ಎಷ್ಟು ಕಷ್ಟ, ಬಂದರೆ ಯಾವ ದಾರಿಯಿಂದ ಬರುತ್ತವೆ ಎಂಬುದನ್ನು ತಿಳಿಯಲು ನಮ್ಮ ಮಕ್ಕಳು ದೂರ ಹೋಗಬೇಕಾಗಿಲ್ಲ.

ತುಂಗಭದ್ರೆಗೆ ದೊಡ್ಡ ಅಣೆಕಟ್ಟು ಕಟ್ಟಬೇಕೆಂಬ ಯೋಚನೆ ಹುಟ್ಟಿದ್ದು 1860ರಲ್ಲಿ, ಸರ್ ಆರ್ಥರ್ ಕಾಟನ್ ಅವರಿಂದ. ಗೋದಾವರಿಗೆ ಅಣೆ ಕಟ್ಟಿಸಿದ ಎಂಜಿನಿಯರ್ ಅವರು. ಅಣೆಕಟ್ಟು ಆಗಿ ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ನಡುವಿನ ಅಷ್ಟೂ ವರ್ಷ ಕಲ್ಲು ಇರಲಿಲ್ಲವೇ, ಕೂಲಿಯವರು ಇರಲಿಲ್ಲವೇ? 1876-78ರ ಬರದಲ್ಲಿ ಬಳ್ಳಾರಿ, ಕರ್ನೂಲು, ಧಾರವಾಡ ಸೀಮೆಯ ಜನ ಊರು ಬಿಟ್ಟು ನಡೆದರು, ದಾರಿಯಲ್ಲೇ ಸತ್ತರು. ಅದಾದ ಮೇಲೂ ನೀರು ಸಮುದ್ರಕ್ಕೆ ಹೋಗುತ್ತಲೇ ಇತ್ತು. ರೊಕ್ಕದ ಅಡಚಣೆ ಇತ್ತು, ನಿಜ. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಹೊಸಪೇಟೆಯ ಹತ್ತಿರ ಅಣೆಕಟ್ಟಿನ ಒಂದು ತುದಿ ಮದರಾಸಿನ ನೆಲದಲ್ಲಿ, ಇನ್ನೊಂದು ತುದಿ ನಿಜಾಮರ ನೆಲದಲ್ಲಿ ಊರಬೇಕಿತ್ತು. ತುಂಬುವ ನೀರು ಮೈಸೂರಿನ ಮಲೆನಾಡಿನಿಂದ, ಮುಂಬೈ ಪ್ರಾಂತದಲ್ಲಿ ಹರಿದು ಬರುವ ವರದಾ, ಕುಮುದ್ವತಿಗಳಿಂದ ಬರಬೇಕಿತ್ತು. ಯಾರೊಬ್ಬರೂ ಒಬ್ಬರೇ ಕಟ್ಟುವಂತಿರಲಿಲ್ಲ. ಆದರೆ ಬೇಡವೆನ್ನುವುದು ಪ್ರತಿಯೊಬ್ಬರಿಗೂ ಸಾಧ್ಯವಿತ್ತು.

ಆ ಕಾಲದ ಒಂದು ಕಾಗದವನ್ನು ಹತ್ತಿರದಿಂದ ನೋಡೋಣ. ಮೈಸೂರು ಮತ್ತು ಮದರಾಸು 1892ರ ಫೆಬ್ರವರಿ 18ರಂದು ಮಾಡಿಕೊಂಡ ಒಪ್ಪಂದ. ಕಾವೇರಿ ಜಗಳದಲ್ಲಿ ಇದರ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ಅದರ ಪಟ್ಟಿಯ 15 ಮುಖ್ಯ ನದಿಗಳಲ್ಲಿ ತುಂಗಭದ್ರಾ, ತುಂಗಾ, ಭದ್ರಾ, ವೇದಾವತಿ ಕೂಡ ಇವೆ ಎಂಬುದನ್ನು ನಮ್ಮ ಕಡೆಯವರು ಅಷ್ಟಾಗಿ ಗಮನಿಸಿಲ್ಲ. ಆ ನದಿಗಳಿಗೆ ಮೈಸೂರು ಹೊಸದಾಗಿ ನೀರಾವರಿ ಜಲಾಶಯ ಕಟ್ಟಬೇಕಾದರೆ ಮೊದಲು ಮದರಾಸಿನ ಸಮ್ಮತಿ ಪಡೆಯಬೇಕು. ಯೋಜನೆಯ ಪೂರ್ತಿ ವಿವರವನ್ನು ಮುಂಚಿತವಾಗಿ ಒಪ್ಪಿಸಬೇಕು. ಇದಿಷ್ಟೇ ಆಗಿದ್ದರೆ ಅದನ್ನು ದಬ್ಬಾಳಿಕೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಮುಂದೆ ಇನ್ನೊಂದು ಕಲಮು ಇದೆ. ಮದರಾಸು ತನ್ನ ರೈತರು ಆಗಲೇ ಅನುಭವಿಸುತ್ತಿರುವ ಹಳೆಯ ಹಕ್ಕನ್ನು ಕಾಯುವುದಕ್ಕಲ್ಲದೆ ಬೇರೆ ಕಾರಣಕ್ಕೆ ಸಮ್ಮತಿ ನಿರಾಕರಿಸುವಂತಿಲ್ಲ. ಹೊಂದಾಣಿಕೆ ಆಗದಿದ್ದರೆ ಪಂಚರ ಮುಂದೆ ಅಥವಾ ಭಾರತ ಸರ್ಕಾರದ ಮುಂದೆ ಹೋಗಬೇಕು. ತಡೆಯುವ ಅಧಿಕಾರವನ್ನೂ ಆ ಅಧಿಕಾರದ ಮಿತಿಯನ್ನೂ ಒಂದೇ ಕಾಗದದಲ್ಲಿ ಬರೆದಿದ್ದಾರೆ. ಬರೆದವರು ಬುದ್ಧಿವಂತರು. ಆದರೆ ಕೆಳಗಿನವನಿಗೆ ಬೇಡವೆನ್ನುವ ಅಧಿಕಾರ ಕೊಟ್ಟ ಹಾಗೆ, ಮೇಲಿನವನಿಗೆ ಬೇಗ ಉತ್ತರ ಸಿಗುವ ಏರ್ಪಾಡು ಅದರಲ್ಲಿ ಇರಲಿಲ್ಲ. ನಮ್ಮ ಮುಂಬೈ ಸರ್ಕಾರವಂತೂ ಆ ಕಾಗದದಲ್ಲಿ ಪಕ್ಷಗಾರನೇ ಅಲ್ಲ.

ಕೊನೆಗೆ ಗಂಟು ಬಿಚ್ಚಿದ್ದು 1944ರಲ್ಲಿ. ಆ ಜೂನ್ ತಿಂಗಳಲ್ಲಿ ಮದರಾಸು ಮತ್ತು ಹೈದರಾಬಾದ್, ಜುಲೈಯಲ್ಲಿ ಮದರಾಸು ಮತ್ತು ಮೈಸೂರು ಸಹಿ ಹಾಕಿದವು. ಹೇಗೆ ಸಾಧ್ಯವಾಯಿತು? ಹೊಳೆ ಯಾರದು, ಯಾರಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆಯನ್ನು ಅವರು ಬಗೆಹರಿಸಲಿಲ್ಲ, ಬದಿಗಿಟ್ಟರು. ಯಾರ ಪೂರ್ಣ ಹಕ್ಕಿಗೂ ಬಾಧೆ ಬರದಂತೆ, ಸದ್ಯಕ್ಕೆ ನೀರಿನ ಒಂದು ಭಾಗವನ್ನು ಮಾತ್ರ ಬಳಸಿಕೊಳ್ಳೋಣ ಎಂದರು. ಮದರಾಸಿಗೆ 65 ಟಿಎಂಸಿ, ಹೈದರಾಬಾದಿಗೆ 65 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನಮ್ಮಲ್ಲಿ ಅಣ್ಣತಮ್ಮಂದಿರು ಹಿಸ್ಸೆ ಆಗುವಾಗ ಹೊಲದ ತಂಟೆ ಕೋರ್ಟಿನಲ್ಲಿದ್ದರೂ ಬಾವಿಯ ನೀರನ್ನು ಪಾಳಿ ಮೇಲೆ ಎತ್ತಿಕೊಳ್ಳುತ್ತಾರಲ್ಲ, ಹಾಗೆ. ತಂಟೆ ಮುಗಿಯುವ ತನಕ ಕಾದಿದ್ದರೆ ಬೆಳೆ ಒಣಗುತ್ತಿತ್ತು. ಎಂಬತ್ತು ವರ್ಷ ಹಾಗೆಯೇ ಒಣಗಿತ್ತು.

1945ರ ಫೆಬ್ರವರಿ 28ರಂದು ಒಂದೇ ಅಣೆಕಟ್ಟಿಗೆ ಎರಡು ಅಡಿಗಲ್ಲು ಬಿದ್ದವು. ಎಡದಂಡೆಯಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರರು ಇಟ್ಟರು, ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಇಟ್ಟರು. ಎಡದ ಅರ್ಧ ಒಬ್ಬರದು, ಬಲದ ಅರ್ಧ ಇನ್ನೊಬ್ಬರದು, ನಡುವೆ ಹೊಳೆ. ಕಟ್ಟುವ ಹೊತ್ತಿನಲ್ಲೇ ದೇಶ ಸ್ವತಂತ್ರವಾಯಿತು, 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ಆಳ್ವಿಕೆ ಹೋಯಿತು. ಅಡಿಗಲ್ಲು ಇಟ್ಟ ಎರಡೂ ಸರ್ಕಾರಗಳ ರೂಪ ಬದಲಾದರೂ ಸುರ್ಕಿ ಗಾರೆಯ ಆ ಕಲ್ಲಿನ ಗೋಡೆ ಎರಡೂ ಕಡೆಯಿಂದ ಏರುತ್ತ ಬಂದು ನಡುವೆ ಕೂಡಿತು. ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಮೊದಲು ತೋರಿಸುತ್ತಿದ್ದುದು ಉದ್ಯಾನವನ್ನಲ್ಲ, ಆ ಎರಡು ದಂಡೆಗಳನ್ನು.

1951ರ ವರ್ಷ ನನಗೆ ಬಹಳ ಮುಖ್ಯ. ಆ ಏಪ್ರಿಲ್ 18ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಎಂಬ ಆರು ದೇಶಗಳು ತಮ್ಮ ಕಲ್ಲಿದ್ದಲು ಮತ್ತು ಉಕ್ಕಿನ ವ್ಯವಹಾರವನ್ನು ಒಂದು ಜಂಟಿ ಮಂಡಳಿಗೆ ಒಪ್ಪಿಸಿದವು. ಮೊನ್ನೆ ಮೊನ್ನೆ ತನಕ ಬಡಿದಾಡಿಕೊಂಡ ದೇಶಗಳು. ಇಂದಿನ ಯುರೋಪ್ ಒಕ್ಕೂಟದ ಮೊಳಕೆ ಅದು. ಅದೇ ವರ್ಷ ಜುಲೈ ಕೊನೆಯಲ್ಲಿ ದಿಲ್ಲಿಯಲ್ಲಿ ಯೋಜನಾ ಆಯೋಗ ಮುಂಬೈ, ಮದರಾಸು, ಹೈದರಾಬಾದ್, ಮೈಸೂರು ರಾಜ್ಯಗಳನ್ನು ಕೂಡಿಸಿ ತುಂಗಭದ್ರೆಯೂ ಸೇರಿದ ಕೃಷ್ಣಾ ಕಣಿವೆಯ ನೀರನ್ನು ಹಂಚಲು ನೋಡಿತು. ಪ್ಯಾರಿಸ್ಸಿನಲ್ಲಿ ಆರೂ ಸಹಿ ಬಿದ್ದವು. ದಿಲ್ಲಿಯ ಹಂಚಿಕೆಯನ್ನು ಮೈಸೂರು ಒಪ್ಪಲಿಲ್ಲ. ಉಳಿದವರು ಒಪ್ಪಿದ್ದು ಮೈಸೂರನ್ನು ಕಟ್ಟಿಹಾಕುತ್ತದೆಯೇ ಎಂಬ ವಾದ ಅಲ್ಲಿಂದ ಇಪ್ಪತ್ತು ವರ್ಷ ನಡೆಯಿತು, ಕೊನೆಗೆ ಕಟ್ಟಿಹಾಕುವುದಿಲ್ಲ ಎಂದೇ ಆಯಿತು. ಮೈಸೂರು ಮಾಡಿದ್ದು ಸರಿ ಎಂದು ನಾನು ನಂಬುತ್ತೇನೆ. ಅಂದು ತಲೆಯಾಡಿಸಿದ್ದರೆ ತುಂಗಾ, ಭದ್ರಾ ಮೇಲಿನ ನಮ್ಮ ಮುಂದಿನ ಯೋಜನೆಗಳಿಗೆ ಜಾಗ ಸಿಗುತ್ತಿತ್ತೇ ಎಂಬ ಅನುಮಾನ ನನಗಿದೆ.

ಯುರೋಪಿನಲ್ಲೂ ಮುಂದೆ ಇದೇ ತೊಡಕು ಬಂತು. 1965ರ ಜೂನ್ ಕೊನೆಗೆ ಫ್ರಾನ್ಸ್ ಮುನಿಸಿಕೊಂಡು ಮಂತ್ರಿಗಳ ಸಭೆಯಲ್ಲಿ ತನ್ನ ಕುರ್ಚಿ ಖಾಲಿ ಬಿಟ್ಟಿತು. ಬಹುಮತದಿಂದ ತೀರ್ಮಾನ ಮಾಡುವ ಪದ್ಧತಿ ಅದಕ್ಕೆ ಒಪ್ಪಿಗೆ ಇರಲಿಲ್ಲ. 1966ರ ಜನವರಿಯಲ್ಲಿ ಲಕ್ಸೆಂಬರ್ಗಿನಲ್ಲಿ ರಾಜಿ ಆಯಿತು. ಒಂದು ದೇಶದ ಬಹು ಮುಖ್ಯ ಹಿತಕ್ಕೆ ಧಕ್ಕೆ ಬರುವ ವಿಷಯವಾದರೆ ಎಲ್ಲರೂ ಒಪ್ಪುವ ಪರಿಹಾರಕ್ಕಾಗಿ ಮಾತು ಮುಂದುವರಿಸುವುದು, ಮಾತು ಮುರಿದರೆ ಏನು ಎಂಬುದರಲ್ಲಿ ಭಿನ್ನಾಭಿಪ್ರಾಯ ಇದೆ ಎಂದು ಬರೆದಿಡುವುದು. 1944ರ ನಮ್ಮ ಕಾಗದದ ತಂತ್ರವೇ ಅಲ್ಲೂ ಕೆಲಸ ಮಾಡಿತು. ಈಗ ಅಲ್ಲಿ ಹೆಚ್ಚಿನ ವಿಷಯಗಳಿಗೆ ಎಣಿಕೆಯ ಪದ್ಧತಿ ಬಂದಿದೆ. 27 ದೇಶಗಳಲ್ಲಿ 15 ಒಪ್ಪಬೇಕು, ಒಪ್ಪಿದವರ ಜನಸಂಖ್ಯೆ ಒಕ್ಕೂಟದ ನೂರಕ್ಕೆ 65ರಷ್ಟಾದರೂ ಇರಬೇಕು. ನದಿ ನೀರಿಗೆ ಇಂಥ ಎಣಿಕೆ ನಮ್ಮಲ್ಲಿ ಬರಲಿಲ್ಲ. ಬರುವುದೂ ಬೇಡ ಅನ್ನಿಸುತ್ತದೆ. ಕೆಳಗಿನವರು ಇಬ್ಬರಿದ್ದು ಮೇಲಿನವನು ಒಬ್ಬನೇ ಆದಾಗ ತಲೆ ಎಣಿಸಿದರೆ ಮೇಲಿನವನು ಪ್ರತಿ ಸಲ ಸೋಲುತ್ತಾನೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ, ಹೊಸಪೇಟೆ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲೂಕಿನ ಸಲುವಾಗಿ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯೇ ಬೇಕಾಯಿತು. ಆ ಜಗಳದ ಹಿಂದೆ ಭಾಷೆಯಷ್ಟೇ ಅಲ್ಲ, ಈ ಅಣೆಕಟ್ಟೂ ಇತ್ತು. ಅಣೆಯ ಬಲತುದಿ ಇರುವ ನೆಲ ಮೈಸೂರಿಗೆ ಬಂದಿತು, ಆದರೆ ಬಲದಂಡೆಯ ಕಾಲುವೆಗಳು ಹರಿದು ಹೋಗುವುದು ಆಂಧ್ರದ ಹೊಲಗಳಿಗೂ. ಅದಕ್ಕೆಂದೇ ಆಂಧ್ರ ರಾಜ್ಯದ ಕಾಯ್ದೆಯ ಅಡಿಯಲ್ಲಿ ತುಂಗಭದ್ರಾ ಮಂಡಳಿ ಆಯಿತು. ಕೇಂದ್ರ ನೇಮಿಸುವ ಅಧ್ಯಕ್ಷರು, ರಾಜ್ಯಗಳ ಪ್ರತಿನಿಧಿಗಳು. ಮೂರು ವರ್ಷದ ಮೇಲೆ, 1956ರ ನವೆಂಬರ್ 1ರಂದು, ಮುಂಬೈಯಿಂದ ನಾವು, ಹೈದರಾಬಾದಿನಿಂದ ಕೊಪ್ಪಳ, ರಾಯಚೂರಿನವರು ಮೈಸೂರಿಗೆ ಸೇರಿದೆವು. ಹೊಳೆಯ ಮೇಲೆ ಉಳಿದದ್ದು ಎರಡೇ ಸರ್ಕಾರ. ಏಕೀಕರಣವನ್ನು ನಾವು ಭಾಷೆಯ ಹಬ್ಬವಾಗಿ ನೆನೆಯುತ್ತೇವೆ. ನೀರಿನ ಲೆಕ್ಕದಲ್ಲಿಯೂ ಅದು ಅಷ್ಟೇ ದೊಡ್ಡ ದಿನ.

ಮಂಡಳಿಯ ಕೆಲಸ ನೋಡಲು ಸಪ್ಪೆ, ಆದರೆ ಹೊಳೆ ನಡೆಯುವುದು ಅದರಿಂದಲೇ. ನೀರಿನ ವರ್ಷ ಜೂನ್ 1ಕ್ಕೆ ಶುರು, ಮೇ 31ಕ್ಕೆ ಮುಕ್ತಾಯ. ಈ ವರ್ಷ ಎಷ್ಟು ನೀರು ಬಂದೀತು ಎಂದು ಮೊದಲು ಅಂದಾಜು ಹಾಕುತ್ತಾರೆ. ಯಾವ ಕಾಲುವೆಗೆ ಎಷ್ಟು ಎಂಬ ಕೋಷ್ಟಕ ಮಾಡುತ್ತಾರೆ. ರಾಜ್ಯಗಳು ತಮಗೆ ಬೇಕಾದಷ್ಟಕ್ಕೆ ಬೇಡಿಕೆ ಪಟ್ಟಿ ಕಳಿಸುತ್ತವೆ. ಮಳೆ ಹೆಚ್ಚು ಕಡಿಮೆ ಆದ ಹಾಗೆ ಅಂದಾಜು ತಿದ್ದುತ್ತಾರೆ. ಒಟ್ಟು ಲೆಕ್ಕ 230 ಟಿಎಂಸಿ. ಅದರಲ್ಲಿ 18 ಬಿಸಿಲಿಗೆ ಆವಿ. ಉಳಿದದ್ದರಲ್ಲಿ ಕರ್ನಾಟಕಕ್ಕೆ 138.99, ಅತ್ತ ಕಡೆಗೆ 73.01. ನೀರು ಕಡಿಮೆ ಬಂದ ವರ್ಷ ಅದೇ ಪ್ರಮಾಣದಲ್ಲಿ ಎಲ್ಲರ ಪಾಲೂ ಇಳಿಯುತ್ತದೆ. ದೊಡ್ಡ ಪ್ರಶ್ನೆಯ ಮೇಲೆ ಕಚ್ಚಾಡುವ ಸರ್ಕಾರಗಳೂ ಈ ಕೋಷ್ಟಕದ ಮುಂದೆ ಕೂಡುತ್ತವೆ, ಏಕೆಂದರೆ ಬಿತ್ತನೆ ಯಾರಿಗೂ ಕಾಯುವುದಿಲ್ಲ.

ಆ ಅಂಕಿಗಳಿಗೆ ಗಟ್ಟಿ ಆಧಾರ ಬಂದದ್ದು ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯಿಂದ. 1969ರಲ್ಲಿ ನೇಮಕ, 1973ರ ಡಿಸೆಂಬರಿನಲ್ಲಿ ತೀರ್ಪು, 1976ರ ಮೇ 31ಕ್ಕೆ ರಾಜಪತ್ರದಲ್ಲಿ ಪ್ರಕಟಣೆ. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ. ನಮ್ಮ 700ರೊಳಗೆ ತುಂಗಭದ್ರಾ ಉಪಕಣಿವೆಯಿಂದ 295ರ ಮೇಲೆ ಬಳಸುವಂತಿಲ್ಲ ಎಂಬ ಕಟ್ಟು ಬೇರೆ. ಶಿವಮೊಗ್ಗದ ಗಾಜನೂರಿನಿಂದ ಹೊರಟು ನಮ್ಮ ತಾಲೂಕಿನ ಹೊಲಗಳ ನಡುವೆ ಹಾಯುವ ತುಂಗಾ ಮೇಲ್ದಂಡೆ ಕಾಲುವೆಯ ಪಾಲು 12.24 ಟಿಎಂಸಿ. ಗೋವಿನಜೋಳಕ್ಕೋ ಬೀಜದ ಹತ್ತಿಗೋ ನೀರು ಹಾಯಿಸಿಕೊಳ್ಳುವ ಒಕ್ಕಲಿಗ, "ಸರ, ಕಾಲವಿಗೆ ಇನ್ನಷ್ಟು ಬಿಡಾಕ ಏನ್ ಧಾಡಿರೀ ಇವ್ರಿಗೆ?" ಎಂದು ಕೇಳುತ್ತಾನೆ. ಅವನ ಸಿಟ್ಟು ಸಹಜ. ಅವನ ತೂಬಿನ ಹಿಂದೆ ಎಷ್ಟು ಸರ್ಕಾರಗಳ ಎಷ್ಟು ವರ್ಷಗಳ ಮಾತುಕತೆ ನಿಂತಿದೆ ಎಂದು ಅವನಿಗೆ ಯಾರೂ ಹೇಳಿಲ್ಲ.

2014ರಲ್ಲಿ ತೆಲಂಗಾಣ ಬಂದು ಹೊಳೆಯ ಮೇಲೆ ಮತ್ತೆ ಮೂರು ಸರ್ಕಾರ ಆದವು. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದದ್ದು 105ರ ಆಸುಪಾಸಿಗೆ ಇಳಿದಿದೆ. ಕಳೆದುಕೊಂಡ ನೀರನ್ನು ಹಿಡಿಯಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವ ಕರ್ನಾಟಕದ ಪ್ರಸ್ತಾವಕ್ಕೆ ಉಳಿದೆರಡು ರಾಜ್ಯಗಳ ಒಪ್ಪಿಗೆ ಸಿಕ್ಕದೆ ವರ್ಷಗಳು ಹೋದವು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಮಾತ್ರ ಯಾರೂ ಹಕ್ಕಿನ ಮಾತು ಎತ್ತಿ ಕೂರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿದರು.

ನನ್ನ ಒತ್ತಾಯ ಒಂದೇ. ಪ್ರತಿ ಜೂನಿನಲ್ಲಿ ಹೊಸಪೇಟೆಯಲ್ಲಿ ತಯಾರಾಗುವ ಆ ಕೋಷ್ಟಕವನ್ನೂ ತುಂಗಾ ಮೇಲ್ದಂಡೆಗೆ ಆ ವರ್ಷ ಬರುವ ನೀರಿನ ಅಂದಾಜನ್ನೂ ಸರಳ ಕನ್ನಡದಲ್ಲಿ ಬರೆದು ಹಲಗೇರಿ, ಮೆಡ್ಲೇರಿ, ಐರಣಿಯಂಥ ಊರುಗಳ ಪಂಚಾಯಿತಿ ಗೋಡೆಗೆ ಹಚ್ಚಬೇಕು. ಸರ್ಕಾರಗಳು ಸಹಿ ಹಾಕುವಾಗ ನಮ್ಮನ್ನು ಕೇಳುವುದಿಲ್ಲ ಸರಿ, ಹಾಕಿದ ಮೇಲಾದರೂ ಬಿತ್ತನೆಗೆ ಮೊದಲು ಆ ಅಂಕಿ ನಮ್ಮ ಕಣ್ಣಿಗೆ ಬೀಳಲಿ.