ಕಬ್ಬನ್ ಉದ್ಯಾನ: ನಗರದ ನಡುವಣ ನೆರಳು

ಬೆಂಗಳೂರಿನ ಹೃದಯಭಾಗದಲ್ಲಿರುವ ಕಬ್ಬನ್ ಉದ್ಯಾನವನ್ನು 1870ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗಾಗಿ 1927ರಲ್ಲಿ ಇದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಆದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಮುಂಜಾನೆಯ ನಡಿಗೆಗೆ ಬಿದಿರುಮೆಳೆಗಳ ಆಸುಪಾಸು ಹಿತಕರ. ವರ್ಷಾರಂಭದ ತಿಂಗಳುಗಳಲ್ಲಿ ಟಬೂಬಿಯಾ, ಬೇಸಿಗೆಯಲ್ಲಿ ಗುಲ್‌ಮೊಹರ್ ಅರಳಿ ಮನ ಸೆಳೆಯುತ್ತವೆ. ಪುಸ್ತಕಪ್ರಿಯರು 2023ರಲ್ಲಿ ಇಲ್ಲಿ ಮರದಡಿ ಆರಂಭಿಸಿದ ಮೌನ ಓದು ಬೇರೆ ನಗರಗಳಿಗೂ ಹಬ್ಬಿತು.

ಉದ್ಯಾನದ ಆವರಣದಲ್ಲಿ ಕಾಲಕಾಲಕ್ಕೆ ವಸ್ತುಸಂಗ್ರಹಾಲಯ, ಗ್ರಂಥಾಲಯ, ಬಾಲಭವನಗಳು ತಲೆಯೆತ್ತಿದವು. ಎಲ್ಲವೂ ಸಾರ್ವಜನಿಕರಿಗೆ ಉಪಯುಕ್ತವೇ. ಆದರೆ ಪ್ರತಿ ಕಟ್ಟಡವೂ ಒಂದಿಷ್ಟು ಹಸಿರು ನೆಲವನ್ನು ಪಡೆದುಕೊಂಡೇ ನಿಂತಿದೆ. ಈ ಹಿನ್ನೆಲೆಯಲ್ಲಿ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಮಹತ್ವದ್ದು. ಕಬ್ಬನ್ ಉದ್ಯಾನ ಹಾಗೂ ಲಾಲ್‌ಬಾಗ್‌ಗೆ ಅನ್ವಯಿಸುವ ಈ ಕಾಯ್ದೆಯು ಉದ್ಯಾನದ ಭೂಮಿಯನ್ನು ಮಾರಾಟ, ಗುತ್ತಿಗೆ, ದಾನ, ವಿನಿಮಯ, ಅಡಮಾನಗಳ ಮೂಲಕ ಪರಭಾರೆ ಮಾಡುವುದನ್ನು ನಿಷೇಧಿಸಿದೆ.

ಆದರೆ ಆ ನೆಲವನ್ನು ಕಾಯಲು ಕಾಯ್ದೆಯೊಂದೇ ಸಾಲದು. ಆ ನೆಲದ ಮೇಲೆ ಮರವೊಂದು ಉರುಳಿದರೆ ಮೊದಲು ಗಮನಿಸುವವರು ದಿನವೂ ಅದರ ಕೆಳಗೆ ನಡೆದಾಡುವವರೇ. ಆದ್ದರಿಂದ ಉದ್ಯಾನದಲ್ಲಿ ಕಳೆಯುವ ಬಿಡುವಿನ ಗಳಿಗೆಯೂ ಅದರ ರಕ್ಷಣೆಯ ಒಂದು ಭಾಗವೇ ಆಗಿದೆ.