ಶಿಲ್ಕು ಯಾರದ್ದು?

ಗೆಳತಿಯರೇ, ತಿಂಗಳ ಮೊದಲ ವಾರ ಬಂತೆಂದರೆ ನಮ್ಮೆಲ್ಲರ ಮನೆಯಲ್ಲೂ ಒಂದು ಯಾದಿ ತಯಾರಾಗುತ್ತದೆ. ಅಕ್ಕಿ, ಬೇಳೆ, ಎಣ್ಣೆ, ಪಾತ್ರೆ ತೊಳೆಯುವ ಪುಡಿ, ಸಾಬೂನು, ಶಾಂಪೂ. ಇಂದು ಅದು ಮೊಬೈಲಿನಲ್ಲಿದೆ. ನಮ್ಮ ಅತ್ತೆಯವರ ಕಾಲದಲ್ಲಿ ಅದು ಕೆಂಪು ರಟ್ಟಿನ ಜಮಾ-ಖರ್ಚಿನ ವಹಿಯಲ್ಲಿತ್ತು. ಅಂಥ ಮೂವತ್ತಕ್ಕೂ ಹೆಚ್ಚು ವಹಿಗಳು ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಈಗಲೂ ಇವೆ. ರಾಜಮಹಾರಾಜರ ಕಾಗದಪತ್ರಗಳನ್ನು ಓದಿ ಇತಿಹಾಸ ಬರೆಯುತ್ತಾರೆ. ನಾನು ಈ ಕಿರಾಣಿ ಲೆಕ್ಕವನ್ನು ಓದಿ ನಮ್ಮ ಪುಣೆಯ ಒಂದು ಚಿಕ್ಕ ಇತಿಹಾಸ ಹೇಳಬೇಕೆಂದಿದ್ದೇನೆ.

ಅತ್ತೆ ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದದ್ದು 1956ರ ಮೇ ತಿಂಗಳಲ್ಲಿ. ಆಗ ಧಾರವಾಡವೂ ಪುಣೆಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆರು ತಿಂಗಳೊಳಗೆ, ನವೆಂಬರ್ 1ರಂದು, ಅವರ ತವರು ಮೈಸೂರು ರಾಜ್ಯಕ್ಕೆ ಸೇರಿತು. ಮಾವನವರು ಖಡಕಿಯಲ್ಲಿ ಗುಮಾಸ್ತೆ. ಶನಿವಾರ ಪೇಟೆಯ ವಾಡೆಯೊಂದರಲ್ಲಿ ಎರಡು ಕೋಣೆಯ ಬಿಡಾರ. ಸಂಬಳದ ದಿನ ಮಾವ ಮನೆಖರ್ಚಿನ ದುಡ್ಡು ಎಣಿಸಿ ಕೊಡುತ್ತಿದ್ದರು, ತಿಂಗಳ ಕೊನೆಗೆ ವಹಿ ನೋಡಿ ಸಹಿ ಹಾಕುತ್ತಿದ್ದರು. ಅಂಗಡಿಯವನ ಲೆಕ್ಕ ಮರಾಠಿಯಲ್ಲಿ, ಅತ್ತೆಯ ಲೆಕ್ಕ ಕನ್ನಡದಲ್ಲಿ.

ಮೊದಲ ವಹಿ ಶುರುವಾಗುವುದು 1957ರ ಏಪ್ರಿಲ್ 1ರಿಂದ. ಅಂದೇ ದೇಶದಲ್ಲಿ ನಯಾ ಪೈಸೆ ಚಾಲ್ತಿಗೆ ಬಂತು. ಅಲ್ಲಿಯವರೆಗೆ ರೂಪಾಯಿಗೆ 16 ಆಣೆ. ಅಂದಿನಿಂದ ರೂಪಾಯಿಗೆ 100 ನಯಾ ಪೈಸೆ. ನೂರನ್ನು ಹದಿನಾರರಿಂದ ಭಾಗಿಸಿದರೆ ಒಂದು ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇರಲಿಲ್ಲ. ಸರ್ಕಾರದ ಕೋಷ್ಟಕದ ಪ್ರಕಾರ ಒಂದಾಣೆಗೆ 6, ನಾಲ್ಕಾಣೆಗೆ 25. ಆದರೆ ಅಂಗಡಿಯವನು ಒಂದಾಣೆಯ ಕೊತ್ತಂಬರಿಗೆ 7 ಕೇಳಿದರೆ? ನಾಲ್ಕು ಸಲ ಕೊಂಡರೆ 28, ಅಂದರೆ ಮೂರು ಪೈಸೆ ಹೆಚ್ಚು. ಅತ್ತೆ ವಹಿಯ ಅಂಚಿನಲ್ಲಿ ಈ ಲೆಕ್ಕ ಮಾಡಿಟ್ಟಿದ್ದಾರೆ. ಅದರ ಕೆಳಗೆ, "ಒಮ್ಮೆಗೇ ತರುವುದು" ಎಂದಿದೆ. ಮರುವರ್ಷ 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕ ಬರತೊಡಗಿತು. ಅದಕ್ಕೂ ಮುಂಚೆ ಊರಿಗೊಂದು ಸೇರು. 80 ತೊಲದ ಸೇರೆಂದರೆ ಸುಮಾರು 933 ಗ್ರಾಂ. ಸೇರಿನ ಬೆಲೆಯಿಂದ ಕಿಲೋದ ಬೆಲೆ ತೆಗೆಯುವ ತ್ರೈರಾಶಿಯನ್ನು ನಾಲ್ಕನೆಯ ಇಯತ್ತೆ ಓದಿದ ಹುಡುಗಿ ಒಲೆಯ ಮುಂದೆ ಕುಳಿತು ಮಾಡಿದ್ದಾಳೆ. ಕಾನೂನು ಮಾಡಿದ್ದು ದಿಲ್ಲಿಯಲ್ಲಿ. ಅದನ್ನು ದಿನಾ ಜಾರಿಗೆ ತಂದವರು ಇಂಥ ಹೆಣ್ಣುಮಕ್ಕಳು.

1961ರ ವಹಿಯ ಹಾಳೆಗಳು ಉಬ್ಬಿಕೊಂಡಿವೆ, ಶಾಯಿ ಹರಡಿದೆ. ಆ ವರ್ಷ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆಯಿತು, ಅದರ ಹೊಡೆತಕ್ಕೆ ಖಡಕವಾಸ್ಲಾ ಅಣೆಕಟ್ಟೂ ಹೋಯಿತು, ಮುಠಾ ನದಿ ಪೇಟೆಗಳಿಗೆ ನುಗ್ಗಿತು. ಅತ್ತೆ ಎತ್ತಿಕೊಂಡು ಓಡಿದ್ದು ಮಗುವನ್ನು ಮತ್ತು ವಹಿಯನ್ನು. ಮುಂದಿನ ಪುಟದಲ್ಲಿ ಖರ್ಚು ಇಲ್ಲ. ಹೋದ ಸಾಮಾನಿನ ಯಾದಿ ಇದೆ: ಜೋಳದ ಚೀಲ, ಬೆಲ್ಲದ ಡಬ್ಬಿ, ಸೀಮೆಎಣ್ಣೆ ಸ್ಟೋವ್, ಹಪ್ಪಳ ಸಂಡಿಗೆ. ಕೊನೆಯಲ್ಲಿ ಒಂದು ಸಾಲು, "ಸಾಸಿವೆ ಡಬ್ಬಿ (ಒಳಗಿದ್ದದ್ದೂ)". ಒಳಗೇನಿತ್ತು ಎಂದು ಬರೆದಿಲ್ಲ. ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು.

1972ರ ಬರಗಾಲದ ವಹಿ ನೋಡಿದರೆ ಕೈ ನಡುಗುತ್ತದೆ. ಯಾದಿ ಚಿಕ್ಕದಾಗುತ್ತ ಹೋಗುತ್ತದೆ. ಎಣ್ಣೆ ಅರ್ಧ, ಸಕ್ಕರೆ ರೇಷನ್ನಿನಷ್ಟೇ, ತುಪ್ಪದ ಸಾಲೇ ಇಲ್ಲ. ಅದೇ ವರ್ಷ ಮುಂಬಯಿಯಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರು ಬೆಲೆಯೇರಿಕೆ ವಿರೋಧಿ ಚಳವಳಿ ಕಟ್ಟಿದರು. ಬೇರೆ ಬೇರೆ ಪಕ್ಷಗಳ ಹೆಂಗಸರು ಒಂದಾಗಿ, ಲಟ್ಟಣಿಗೆ ಹಿಡಿದು, ತಟ್ಟೆ ಬಾರಿಸುತ್ತ ಬೀದಿಗಿಳಿದರು. ಮನೆಯೊಳಗಿನ ಲೆಕ್ಕ ಹೀಗೆ ರಾಜಕೀಯದ ಪ್ರಶ್ನೆಯಾಯಿತು. ನಮ್ಮ ಪುಣೆಯಲ್ಲಿ ಅದು ಇನ್ನೊಂದು ದಾರಿ ಹಿಡಿಯಿತು. 1974ರಲ್ಲಿ ಬಿಂದುಮಾಧವ ಜೋಶಿಯವರು ಇಲ್ಲಿ ಗ್ರಾಹಕ ಪಂಚಾಯತ್ ಆರಂಭಿಸಿದರು. ಕೊಳ್ಳುವವರೂ ಸಂಘಟಿತರಾಗಬೇಕು ಎಂಬುದು ಅದರ ತಿರುಳು. ನಮ್ಮ ವಾಡೆಯಲ್ಲೂ ಕೆಲವು ಮನೆಗಳು ಯಾದಿ ಒಟ್ಟುಗೂಡಿಸಿ, ಸಗಟು ದರದಲ್ಲಿ ತಂದು, ಅಂಗಳದಲ್ಲಿ ತಕ್ಕಡಿ ಇಟ್ಟು ಹಂಚಿಕೊಂಡರಂತೆ. ತಕ್ಕಡಿ ಹಿಡಿಯುವ ಕೆಲಸ ಅತ್ತೆಯದು. "ಕಾನಡೀ ವಹಿನಿ ಹಿಡಿದರೆ ಜಗಳವಿಲ್ಲ" ಎನ್ನುತ್ತಿದ್ದರಂತೆ ನೆರೆಯವರು. ಮುಂದೆ 1986ರ ಡಿಸೆಂಬರ್ 24ರಂದು ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಅಂಕಿತ ಬಿತ್ತು. ಅದರ ಹಿಂದೆ ಇಂಥ ಎಷ್ಟೋ ಅಂಗಳಗಳ ತಕ್ಕಡಿಗಳಿವೆ.

ಈಗ ಸಾಬೂನಿನ ಖಾತೆಗೆ ಬರೋಣ. ಮೊದಲ ವಹಿಗಳಲ್ಲಿ ಸೀಗೆಕಾಯಿ, ಅಂಟುವಾಳ, ವಾಷಿಂಗ್ ಸೋಡಾ, ಬಟ್ಟೆ ಸಾಬೂನಿನ ಪಟ್ಟಿ ಇಷ್ಟೇ. ಪಾತ್ರೆಗೆ ಒಲೆಯ ಬೂದಿ, ಅದಕ್ಕೆ ಖರ್ಚಿಲ್ಲ. ದೀಪಾವಳಿಯ ತಿಂಗಳಲ್ಲಿ ಮಾತ್ರ "ಮೈಸೂರು ಸ್ಯಾಂಡಲ್ 1" ಎಂದಿರುತ್ತದೆ. ಇಡೀ ವರ್ಷದಲ್ಲಿ ಅವರು ತಮಗಾಗಿ ಬರೆದುಕೊಂಡ ಸಾಲು ಬಹುಶಃ ಅದೊಂದೇ. ಸರ್ಫ್ ನಮ್ಮ ದೇಶಕ್ಕೆ ಬಂದದ್ದು 1959ರಲ್ಲಿ. ನಮ್ಮ ಮನೆಗೆ ಬಂದದ್ದು ಮಾವನವರಿಗೆ ಬಡ್ತಿಯಾದ ಮೇಲೆ. ಅತ್ತ ಅಹಮದಾಬಾದಿನಲ್ಲಿ 1969ರಿಂದ ಕರ್ಸನ್‌ಭಾಯಿ ಪಟೇಲರು ಮನೆಯ ಹಿತ್ತಲಲ್ಲಿ ಪುಡಿ ಕಲಸಿ ಸೈಕಲ್ ಮೇಲೆ ಮಾರತೊಡಗಿದ್ದರು. ಅದೇ ನಿರ್ಮಾ. ಬೆಲೆ ಬಹಳ ಕಡಿಮೆ. 1980ರ ಹೊತ್ತಿಗೆ ಅದು ಪುಣೆಯ ಅಂಗಡಿಗಳಲ್ಲೆಲ್ಲ ಸಿಗುತ್ತಿತ್ತು. ಆದರೆ ಅತ್ತೆಯ ವಹಿಯಲ್ಲಿ ನಿರ್ಮಾ ಒಂದು ಸಲವೂ ಇಲ್ಲ. ಪ್ರತಿ ತಿಂಗಳೂ ಸರ್ಫ್. ಪ್ರತಿ ತಿಂಗಳ ಕೊನೆಗೂ ಒಂದೇ ಮಾತು: "ಶಿಲ್ಕು ಇಲ್ಲ."

ಇದರ ಗುಟ್ಟು ಹೊರಬಿದ್ದದ್ದು 2016ರ ನವೆಂಬರ್ 8ರ ರಾತ್ರಿ. ಟೀವಿಯಲ್ಲಿ 500 ಮತ್ತು 1000 ರೂಪಾಯಿ ನೋಟುಗಳು ರದ್ದು ಎಂಬ ಘೋಷಣೆ ಬಂತು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಬೇಳೆಯ ಡಬ್ಬಿ ಇತ್ತು. ಅದರ ತಳದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ 23 ನೋಟುಗಳು, ಎಲ್ಲವೂ ಐನೂರರವು. ಮಾವ ನೋಟನ್ನು ನೋಡಿದರು, ಅವರನ್ನು ನೋಡಿದರು. "ಅರವತ್ತು ವರ್ಷ ನನ್ನ ಕಡೆ ಸುಳ್ಳು ಲೆಕ್ಕ ಬರೆದಿಯೇನು?" ಎಂದರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅತ್ತೆ ನಗಲಿಲ್ಲ.

ಆಮೇಲೆ ನನಗೊಬ್ಬಳಿಗೇ ಹೇಳಿದರು. ವಹಿಯಲ್ಲಿ ಸರ್ಫ್, ಬಚ್ಚಲಲ್ಲಿ ನಿರ್ಮಾ. ಹಳೆಯ ಸರ್ಫ್ ಡಬ್ಬದಲ್ಲಿ ಹಳದಿ ಪುಡಿ ತುಂಬಿಡುತ್ತಿದ್ದರು. "ನಿಮ್ಮ ಮಾವ ಒಂದು ದಿನ ಅರಿವೆ ಒಗೆದಿದ್ದರ ಗೊತ್ತಾಗತಿತ್ತು" ಎಂದರು. ಆ ವ್ಯತ್ಯಾಸದ ದುಡ್ಡಿನಲ್ಲಿ ನಾದಿನಿಯ ಪರೀಕ್ಷಾ ಶುಲ್ಕ ಹೋಗಿತ್ತು, ತವರಿನಲ್ಲಿ ಅವ್ವ ಕಾಯಿಲೆ ಬಿದ್ದಾಗ ರೈಲಿನ ಟಿಕೆಟ್ ಬಂದಿತ್ತು. ಕೇಳಿ ಪಡೆಯಬಹುದಿತ್ತಲ್ಲ ಎಂದೆ. "ಪ್ರತಿ ಸಲ ಕೇಳಬೇಕಲ್ಲ" ಎಂದರು.

ಆ ದಿನಗಳಲ್ಲಿ ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಜಮಾ ಮಾಡಿದರೆ ತೆರಿಗೆ ಇಲಾಖೆ ಪ್ರಶ್ನಿಸುವುದಿಲ್ಲ ಎಂದು ಸರ್ಕಾರ ಹೇಳಿತು. ಸರ್ಕಾರ ಪ್ರಶ್ನಿಸಲಿಲ್ಲ, ನಿಜ. ಪ್ರಶ್ನೆ ಬಂದದ್ದು ಮನೆಯೊಳಗಿನಿಂದ. ಎಷ್ಟು ಮನೆಗಳಲ್ಲಿ ಹಾಗಾಯಿತೋ!

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. 1943ರಲ್ಲಿ ಇಂಗ್ಲೆಂಡಿನಲ್ಲಿ ಬ್ಲ್ಯಾಕ್‌ವೆಲ್ ದಂಪತಿಯ ಮೊಕದ್ದಮೆ ನಡೆಯಿತು. ಹೆಂಡತಿ ಮನೆಖರ್ಚಿನ ಹಣದಲ್ಲಿ ಉಳಿಸಿ, ಸಹಕಾರಿ ಸಂಘದ ಖಾತೆಯಲ್ಲಿ ನೂರು ಪೌಂಡಿಗೂ ಸ್ವಲ್ಪ ಹೆಚ್ಚು ಇಟ್ಟಿದ್ದಳು. ಇಬ್ಬರೂ ಬೇರೆಯಾದಾಗ ಗಂಡ ಅದನ್ನು ಕೇಳಿದ. ಹಣ ಗಂಡನದೇ ಎಂದಿತು ನ್ಯಾಯಾಲಯ. ಅಲ್ಲಿಯ ಸಂಸತ್ತು ಕಾಯ್ದೆ ಮಾಡಿ, ಇಂಥ ಉಳಿತಾಯದಲ್ಲಿ ಇಬ್ಬರಿಗೂ ಸಮಪಾಲು ಎಂದದ್ದು 1964ರಲ್ಲಿ. ನಮ್ಮಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬರ ಪರಿಹಾರದ ಪ್ರಕರಣದಲ್ಲಿ, ಜನಗಣತಿಯು ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಪಟ್ಟಿಗೆ ಸೇರಿಸಿದ್ದನ್ನು ಟೀಕಿಸಿತು. 2023ರ ಜೂನಿನಲ್ಲಿ ಮದ್ರಾಸ್ ಹೈಕೋರ್ಟು, ಗಂಡ ಹೊರಗೆ ದುಡಿದಾಗ ಮನೆ ನಡೆಸಿದ ಹೆಂಡತಿಗೆ ಆ ದುಡಿಮೆಯಿಂದ ಕೊಂಡ ಆಸ್ತಿಯಲ್ಲಿ ಸಮಪಾಲಿದೆ ಎಂದು ತೀರ್ಪಿತ್ತಿತು.

ಅತ್ತೆಗೆ ಆ ತೀರ್ಪು ಗೊತ್ತಾಗಲಿಲ್ಲ. ಆ 11,500 ರೂಪಾಯಿ ಬ್ಯಾಂಕಿನಲ್ಲಿ ಮಾವನವರ ಜೊತೆಗಿನ ಜಂಟಿ ಖಾತೆಗೆ ಹೋಯಿತು. ಮುಂದೆ ಯಾವುದೋ ರಿಪೇರಿಗೆ ಖರ್ಚಾಯಿತು. ಅತ್ತೆ ಮತ್ತೆ ಡಬ್ಬಿಯಲ್ಲಿ ದುಡ್ಡಿಡಲಿಲ್ಲ. 2019ರಲ್ಲಿ ತೀರಿಕೊಂಡರು. ಅಂದು ನಾವು ನಗಬಾರದಿತ್ತು.

ಗೆಳತಿಯರೇ, ಮನೆಖರ್ಚಿನ ಬಜೆಟ್ ಹೇಗೆ ಮಾಡಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಮಾಡಿಕೊಂಡ ಬದಲಾವಣೆಯೊಂದನ್ನು ಮಾತ್ರ ಹೇಳುತ್ತೇನೆ. ನಮ್ಮ ಮನೆಯ ಯಾದಿಯಲ್ಲಿ ಕಿರಾಣಿ, ಸ್ವಚ್ಛತೆ, ಸ್ನಾನದ ಸಾಮಾನು ಎಂಬ ಮೂರು ಭಾಗಗಳಿದ್ದವು. ಈಗ ನಾಲ್ಕನೆಯದೊಂದಿದೆ, ಎಲ್ಲಕ್ಕಿಂತ ಮೇಲೆ. ಅದರ ಹೆಸರು ಶಿಲ್ಕು. ತಿಂಗಳ ಆರಂಭದಲ್ಲೇ, ಬಹಿರಂಗವಾಗಿ, ಆ ಮೊತ್ತ ನನ್ನ ಹೆಸರಿನ ಖಾತೆಗೆ ಹೋಗುತ್ತದೆ. ಮೊದಲ ಸಲ ಬರೆದಾಗ ನನ್ನ ಯಜಮಾನರು ಇದೇನೆಂದು ಕೇಳಿದರು. ಟ್ರಂಕು ತೆರೆದು 1961ರ ವಹಿಯ ಆ ಉಬ್ಬಿದ ಪುಟ ತೋರಿಸಿದೆ. ತಮ್ಮ ತಾಯಿಯ ಅಕ್ಷರವನ್ನು ಅವರು ಬಹಳ ಹೊತ್ತು ನೋಡುತ್ತ ಕುಳಿತರು.